ಒಂದು 'ಅಂತೆ'ಯ ಬೆಲೆ

ಹೊಸ ವಸ್ತುವಿನ ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ಒಪ್ಪಿಗೆಯಾದವರು ಕೊಳ್ಳುತ್ತಾರೆ, ಆಗದವರು ಮುಂದಿನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ನ್ಯಾಯಾನ್ಯಾಯದ ಪ್ರಶ್ನೆ ಏಳುವುದೇ ಅಪರೂಪ. ಎದ್ದರೂ ತೂಕದ ಕಲ್ಲೋ ಅಳತೆಯ ಕೋಲೋ ಅದನ್ನು ತೀರಿಸಿಬಿಡುತ್ತದೆ. ಹಳೆಯ ವಸ್ತುವಿನ ಸಂಗತಿ ಹಾಗಲ್ಲ. ಹಳೆಯ ಹಂಡೆಯನ್ನಾದರೆ ತಾಮ್ರದ ತೂಕಕ್ಕೆ ಹಾಕಬಹುದು, ಹಳೆಯ ಬಂಗಾರವನ್ನು ಒರೆಗೆ ಹಚ್ಚಬಹುದು. ತೂಕಕ್ಕೂ ಒರೆಗೂ ಸಿಗದ ಹಳೆಯ ವಸ್ತುಗಳು ಕೆಲವಿವೆ. ಅವುಗಳ ಕ್ರಯವನ್ನು ನಿಶ್ಚಯಿಸುವವರು ಯಾರು? ಯಾವ ಲೆಕ್ಕದ ಮೇಲೆ?

ಇಂಥ ಒಂದು ವಸ್ತುವಿನ ಬಗ್ಗೆ ಈಚೆಗೆ ಕೆಲವು ವಾರ ತಲೆ ಕೆಡಿಸಿಕೊಳ್ಳುವ ಪ್ರಸಂಗ ನನಗೆ ಬಂದಿತು. ಅದೊಂದು ರಿವಾಲ್ವರ್. ಕನ್ನಡ ಪಾಠ ಹೇಳುವವನಿಗೂ ರಿವಾಲ್ವರಿಗೂ ಏನು ನಂಟು ಎಂದು ವಾಚಕರು ನಗಬಹುದು. ನಂಟು ಕೊನೆಗೆ ವ್ಯಾಕರಣದಲ್ಲಿಯೇ ಬಂದು ನಿಂತಿತು. ಅದನ್ನು ಮುಂದೆ ಹೇಳುತ್ತೇನೆ.

ಭಟ್ಕಳ ಪೇಟೆಗೆ ತಾಗಿಕೊಂಡಿರುವ ನಮ್ಮ ಜಾಲಿ ಕಡಲತಡಿಯ ಊರು. ಇಲ್ಲಿಯ ಗಾಳಿಗೆ ಉಪ್ಪಿನ ಹಲ್ಲುಗಳಿವೆ. ಬಾಗಿಲ ಚಿಲಕ, ಕಿಟಕಿಯ ಸರಳು, ಸೈಕಲ್ಲಿನ ಸರಪಳಿ ಯಾವುದನ್ನೂ ಅದು ಬಿಡುವುದಿಲ್ಲ. ನಮ್ಮ ನೆರೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ಅವರ ಯಜಮಾನರು ಮರದ ವ್ಯಾಪಾರ ಮಾಡಿದವರು. ಹಣದ ಚೀಲ ಸೊಂಟಕ್ಕೆ ಕಟ್ಟಿಕೊಂಡು ಘಟ್ಟ ಹತ್ತಿ ಇಳಿದವರು. ಅವರ ತಂದೆಯ ಕಾಲದಿಂದ ಮನೆಯಲ್ಲಿದ್ದ ರಿವಾಲ್ವರ್ ಅವರ ಹೆಸರಿಗೆ ಬಂದಿತ್ತು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು, .32 ಅಳತೆಯ ನಳಿಗೆ. ಅವರು ಅದನ್ನು ಒಮ್ಮೆಯೂ ಹಾರಿಸಲಿಲ್ಲವೆಂದು ಹೆಂಡತಿಯ ಸಾಕ್ಷ್ಯ. ದೀಪಾವಳಿಯಲ್ಲಿ ಒರಸಿ ಕುಂಕುಮ ಹಚ್ಚಿ ಪೂಜೆಗಿಡುವುದು, ಮತ್ತೆ ಪೆಟ್ಟಿಗೆಗೆ ಹಾಕುವುದು, ಇಷ್ಟೇ ಅದರ ವೃತ್ತಾಂತ.

ಯಜಮಾನರು ತೀರಿಕೊಂಡರು. ಆಯುಧದ ಪರವಾನಗಿ ವ್ಯಕ್ತಿಯದು, ಮನೆತನದ್ದಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿದಾರ ಕಣ್ಣುಮುಚ್ಚಿದ ಮೇಲೆ ಆಯುಧವನ್ನು ತಡಮಾಡದೆ ಹತ್ತಿರದ ಪೋಲೀಸು ಠಾಣೆಯಲ್ಲಿಯೋ ಪರವಾನಗಿಯುಳ್ಳ ಆಯುಧ ವ್ಯಾಪಾರಿಯಲ್ಲಿಯೋ ತಂದಿಡಬೇಕು. ವಾರಸುದಾರರು ಗೊತ್ತುಪಡಿಸಿದ ಅವಧಿಯೊಳಗೆ ತಮ್ಮ ಹೆಸರಿಗೆ ಪರವಾನಗಿ ಪಡೆಯಬಹುದು, ಇಲ್ಲವೆ ಅರ್ಹರಾದವರಿಗೆ ಮಾರಿ ಹಣ ಪಡೆಯಬಹುದು. ಎರಡೂ ಆಗದಿದ್ದರೆ ಅದು ಸರಕಾರಕ್ಕೆ ಸೇರುತ್ತದೆ. ಮಕ್ಕಳಿಬ್ಬರಲ್ಲಿ ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ದುಬೈಯಲ್ಲಿ. ಇಬ್ಬರಿಗೂ ಅದು ಬೇಡ. ಒಂದು ಸಂಜೆ ಆ ತಾಯಿ ನನ್ನನ್ನು ಜಗಲಿಗೆ ಕರೆದು ಹೇಳಿದರು: "ಮಾಸ್ತರ್ರೇ, ಎಷ್ಟು ಸಿಕ್ತದೆ ಅಂತ ಕೇಳುದಲ್ಲ ನಾನು. ಎಷ್ಟು ತಕಂಡ್ರೆ ಸಮ ಆಗ್ತದೆ, ಅದು ಹೇಳಿ."

ಎಷ್ಟು ಸಿಗುತ್ತದೆ ಎಂಬುದು ಪೇಟೆಯ ಪ್ರಶ್ನೆ. ಎಷ್ಟು ತೆಗೆದುಕೊಂಡರೆ ಸಮ ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಒಂದೇ ಉತ್ತರವೆಂದು ಅರ್ಥಶಾಸ್ತ್ರದ ಅಧ್ಯಾಪಕ ಮಿತ್ರರು ವಾದಿಸಿದರು: ಬಲಾತ್ಕಾರವಿಲ್ಲದೆ ಇಬ್ಬರು ಒಪ್ಪಿದ ಕ್ರಯವೇ ನ್ಯಾಯದ ಕ್ರಯ. ಕೇಳಲು ಚೆನ್ನಾಗಿದೆ. ಆದರೆ ಕೊಳ್ಳಲು ಬಂದ ಇಬ್ಬರ ಮಾತನ್ನು ಕೇಳಿದರೆ ವಾಚಕರಿಗೂ ಅದು ಅಷ್ಟು ಸುಲಭವಲ್ಲವೆಂದು ತೋರೀತು.

ಮೊದಲು ಬಂದವರು ಘಟ್ಟದ ಮೇಲಿನ ಅಡಕೆ ತೋಟಿಗರು. ಒಂಟಿ ಮನೆ, ವಯಸ್ಸಾಗಿದೆ, ಕೈಯಲ್ಲಿ ಪರವಾನಗಿ ಇದೆ. (ತೋಟಕ್ಕೆ ಬರುವ ಮಂಗಗಳಿಗಾಗಿ ಅಲ್ಲ, ಅದಕ್ಕೆ ನಾಡಿನಲ್ಲಿ ಕೋವಿಯುಂಟು. ರಿವಾಲ್ವರ್ ತೋರಿಸಿದರೆ ನಮ್ಮ ಮಂಗಗಳು ಹಲ್ಲು ಕಿರಿದಾವು.) ಅವರು ಒಂದು ಮೊತ್ತ ಹೇಳಿದರು. ಎರಡನೆಯವರು ಬೆಂಗಳೂರಿನ ಒಬ್ಬ ಸಂಗ್ರಾಹಕರು, ಓದಿಕೊಂಡವರು, ಮೃದುಭಾಷಿ. ಅವರು ವ್ಯಾಪಾರಿಯ ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ನೋಡಿ ಒಂದು ಮೊತ್ತ ಹೇಳಿದರು. ಒಂದು ಕಾಗದ ಸಿಕ್ಕಿದರೆ ಅದರ ಮೂರು ಪಟ್ಟು ಕೊಡುವೆನೆಂದರು. ವಸ್ತು ಒಂದೇ, ಕ್ರಯ ಮೂರು. ಮೂರಕ್ಕೂ ಕೊಳ್ಳುವವರ ಒಪ್ಪಿಗೆ ಇದೆ.

ಸಂಗ್ರಾಹಕರ ಕಣ್ಣು ಹೇಗೆ ನೋಡುತ್ತದೆಂಬುದನ್ನು ಕಂಡು ನನಗೆ ಆಶ್ಚರ್ಯವಾಯಿತು. ನಮ್ಮ ಕಸುಬಿನವರು ಓಲೆಗರಿಯನ್ನು ನೋಡುವ ಬಗೆಯೇ ಅದು. ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ನೀಲಿ ಲೇಪ ಎಷ್ಟು ಉಳಿದಿದೆ, ನಳಿಗೆಯ ಒಳಗಿನ ಗೀರುಗಳು ಚೂಪಾಗಿವೆಯೋ ತುಕ್ಕಿನಿಂದ ಕುಳಿಬಿದ್ದಿವೆಯೋ, ಗುಂಡು ತುಂಬುವ ಉರುಳೆ ತಿರುಗಿ ನಿಂತಾಗ ಅಲುಗುತ್ತದೆಯೋ ಬಿಗಿಯಾಗಿದೆಯೋ, ಬಿಡಿಭಾಗಗಳ ಮೇಲಿನ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೋ, ಪರೀಕ್ಷಾಶಾಲೆಯ ಕಿರೀಟದ ಮುದ್ರೆ ಸ್ಪಷ್ಟವೋ, ಹೀಗೆ. ಅಂಕಿ ಹೊಂದದಿದ್ದರೆ ಯಾವುದೋ ಕಾಲದಲ್ಲಿ ಒಂದು ಭಾಗ ಬದಲಾಗಿದೆಯೆಂದು ಅರ್ಥ. ನಾವು ಒಂದು ಗರಿ ಬೇರೆ ಕೈಬರಹದ್ದೆಂದು ಗುರುತಿಸುವಂತೆ.

ಎಡಮಗ್ಗುಲು ಥಳಥಳ ಹೊಳೆಯುತ್ತಿತ್ತು. ಮನೆಯ ಯಾರೋ ಉತ್ಸಾಹಿ ಹುಡುಗ ಹಿಂದೊಮ್ಮೆ ತುಕ್ಕು ಕಂಡು ಮರಳುಕಾಗದದಿಂದ ತಿಕ್ಕಿದ್ದನಂತೆ. ನನ್ನಂಥವನ ಕಣ್ಣಿಗೆ ಅದೇ ಚೆಂದದ ಮಗ್ಗುಲು. ಸಂಗ್ರಾಹಕರು ಅದನ್ನು ಕಂಡು ನಿಟ್ಟುಸಿರಿಟ್ಟರು. ತಿಕ್ಕಿದ್ದರಿಂದ ಕಂಪನಿಯ ಹೆಸರಿನ ಅಂಚು ಸವೆದಿತ್ತು, ನೀಲಿ ಹೋಗಿತ್ತು. ಬೆಲೆಯೂ ಅದರೊಡನೆ ಹೋಗಿತ್ತು. ಹಳೆಯ ಪ್ರತಿಯ ಪಾಠವನ್ನು 'ತಿದ್ದಿದ' ಲಿಪಿಕಾರರನ್ನು ನೆನೆದು ನಾನೂ ಅವರೊಡನೆ ನಿಟ್ಟುಸಿರಿಟ್ಟೆ. ತೋಟಿಗರಿಗೆ ಮಾತ್ರ ಆ ಹೊಳಪೇ ಹಿಡಿಸಿತ್ತು. ಅವರಿಗೆ ಬೇಕಾದದ್ದು ಕುದುರೆ ಎಳೆದರೆ ಸಿಡಿಯುವ ಸಾಧನ; ಇವರಿಗೆ ಬೇಕಾದದ್ದು ಎಂದೂ ಸಿಡಿಸದೆ ಗಾಜಿನ ಹಿಂದೆ ಇಡುವ ಸಾಕ್ಷಿ.

ಕಬ್ಬಿಣದ ಲೆಕ್ಕ ಇಷ್ಟು. ಆದರೆ ಅದರ ಮೇಲೆ ಕಾಯಿದೆಯ ಲೆಕ್ಕ ಕೂತಿದೆ. 1980ರ ದಶಕದಲ್ಲಿ ನಾಗರಿಕರಿಗೆ ವಿದೇಶೀ ಆಯುಧಗಳ ಆಮದು ನಿಂತಂತೆಯೇ ಆಯಿತು. ಆದ್ದರಿಂದ ಅದಕ್ಕೆ ಮುಂಚೆ ಬಂದ ಇಂಗ್ಲಿಷ್ ಅಮೇರಿಕನ್ ರಿವಾಲ್ವರುಗಳು ಇಲ್ಲಿ ಲಕ್ಷಗಳಲ್ಲಿ ಕೈಬದಲಾಗುತ್ತವೆ. .455ರಂಥ ಸೈನ್ಯದ ಅಳತೆಯದಾಗಿದ್ದರೆ ಸಾಮಾನ್ಯ ಪರವಾನಗಿದಾರ ಅದನ್ನು ಮುಟ್ಟುವಂತಿಲ್ಲ. ಬೆಲೆ ಹೇಳುವವರೇ ಇರುತ್ತಿರಲಿಲ್ಲ. 2019ರ ತಿದ್ದುಪಡಿ ಒಬ್ಬನ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು ಬಿಡಬೇಕಾದವರೆಲ್ಲ ಮಾರುವವರ ಸಾಲಿಗೆ ಬಂದು ನಿಂತರು. ವೆಬ್ಲಿಯ ತವರಿನ ಕಥೆಯನ್ನೇ ನೋಡಿ. ಸ್ಕಾಟ್ಲೆಂಡಿನ ಡನ್‌ಬ್ಲೇನಿನ ಶಾಲೆಯಲ್ಲಿ 1996ರಲ್ಲಿ ಮಕ್ಕಳ ಕೊಲೆ ನಡೆದ ಮೇಲೆ ಬ್ರಿಟನ್ 1997ರಲ್ಲಿ ಕೈಬಂದೂಕುಗಳನ್ನು ಬಹುಮಟ್ಟಿಗೆ ನಿಷೇಧಿಸಿತು, ಒಪ್ಪಿಸಿದವರಿಗೆ ಪರಿಹಾರ ಕೊಟ್ಟಿತು. ಹುಟ್ಟಿದ ಊರಿನಲ್ಲಿ ಸರಕಾರಕ್ಕೆ ಒಪ್ಪಿಸಬೇಕಾದ ವಸ್ತು ಜಾಲಿಯಲ್ಲಿ ಒಂದು ಮನೆಯ ಆಸ್ತಿ. ಕಬ್ಬಿಣ ಎಲ್ಲಿಯೂ ಕಬ್ಬಿಣವೇ. ಕಾಯಿದೆ ಕಟ್ಟಿದ ಗೋಡೆಗಳ ನಡುವೆ ಬೆಲೆಯೆಂಬುದು ಬಾವಿಯ ನೀರಿನಂತೆ ಏರಿಳಿಯುತ್ತದೆ.

ಕಾಯಿದೆಯಿಂದ ಏರಿದ ಈ ಬೆಲೆಯನ್ನು ಆ ತಾಯಿ ತೆಗೆದುಕೊಳ್ಳುವುದು ನ್ಯಾಯವೇ? ಅದಕ್ಕಾಗಿ ಅವರು ಬೆವರು ಸುರಿಸಿಲ್ಲ. ಕೌಟಿಲ್ಯ ಸ್ವದೇಶದ ಸರಕಿಗೆ ಗೊತ್ತುಮಾಡಿದ ಕ್ರಯದ ಮೇಲೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಲಾಭವೆಂದು ಕಟ್ಟುಮಾಡಿದ. ಆದರೆ ಅದು ವ್ಯಾಪಾರಿಯ ಲೆಕ್ಕ. ಅಸಲೇ ತಿಳಿಯದ ಹಳೆಯ ವಸ್ತುವಿಗೆ ನೂರಕ್ಕೆ ಹತ್ತನ್ನು ಯಾವುದರ ಮೇಲೆ ಹಾಕುವುದು? ನನಗೆ ತೋರಿದ್ದು ಇದು: ಕಾಯಿದೆ ಅವರಿಗೆ ಬರಿಯ ಲಾಭವನ್ನು ಕೊಟ್ಟಿಲ್ಲ, ಗಡುವನ್ನೂ ಕೊಟ್ಟಿದೆ. ಕೊಳ್ಳುವವರು ಬೆರಳೆಣಿಕೆ; ಕಾಯುವ ಅನುಕೂಲ ಅವರಿಗಿಲ್ಲ; ಅವಧಿ ಮೀರಿದರೆ ಕೈಗೆ ಏನೂ ಬಾರದು. ಬೆಲೆ ಏರಿಸಿದ ಕಾಯಿದೆಯೇ ಅವರ ಕೈಯನ್ನು ಕುಗ್ಗಿಸಿದೆ. ಗಡುವನ್ನು ಹೊತ್ತವರು ಏರಿಕೆಯನ್ನು ಪಡೆದರೆ ತಪ್ಪಿಲ್ಲ. ತೋಟಿಗರು ಮೊದಲು ಹೇಳಿದ ಮೊತ್ತ ಆ ಗಡುವನ್ನು ನೆನಪಿನಲ್ಲಿಟ್ಟೇ ಹೇಳಿದ್ದು ಎಂಬ ಸಂಶಯ ನನಗಿತ್ತು. ಇಬ್ಬರು ವ್ಯಾಪಾರಿಗಳನ್ನು ಬೇರೆಬೇರೆಯಾಗಿ ವಿಚಾರಿಸಿದಾಗ ಅದು ದೃಢವಾಯಿತು.

ಇಬ್ಬರು ಒಪ್ಪಿದ ಮಾತ್ರಕ್ಕೆ, ಬಹಿರಂಗ ಲಿಲಾವಾದ ಮಾತ್ರಕ್ಕೆ ಕ್ರಯ ನ್ಯಾಯವಾಗುವುದಿಲ್ಲವೆಂದು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆ ಸೀಮೆಯ ರೈತರು ತೆರಿಗೆ ಕೊಡಲೊಲ್ಲೆವೆಂದಾಗ ಸರಕಾರ ಭೂಮಿಯನ್ನು ಜಪ್ತಿಮಾಡಿ ಲಿಲಾವು ಮಾಡಿತು. ಕಾಯಿದೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಕೊಂಡವರ ಕೈಯಲ್ಲಿ ಕಾಗದವಿತ್ತು. ಆದರೂ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಹಾಗೆ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಮುಂಬಯಿ ಪ್ರಾಂತದಲ್ಲಿ 1937ರಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಪ್ತಿಯಾದ ಭೂಮಿಯನ್ನು ರೈತರಿಗೆ ಮರಳಿಸಲು ಕಾಯಿದೆಯೇ ಆಯಿತು. ಲಿಲಾವಿನಲ್ಲಿ ನಿಂತು ಕೂಗಿದವನನ್ನು ಯಾರೂ ಬಲಾತ್ಕರಿಸಿರಲಿಲ್ಲ, ನಿಜ. ಮಾರುವ ಕಡೆಯವನ ಕೈ ಕಟ್ಟಿತ್ತು, ಅಷ್ಟೇ. ಇನ್ನೊಬ್ಬರ ಕೈ ಕಟ್ಟಿರುವಾಗ ಸಿಕ್ಕಿದ ಅಗ್ಗವನ್ನು ಲಾಭವೆನ್ನಬೇಕೋ ಬೇರೆ ಹೆಸರಿನಿಂದ ಕರೆಯಬೇಕೋ ಎಂದು ಆ ಹೆಂಗಸರು ಕೇಳಿದರು.

ಕೈ ಕಟ್ಟಿರುವುದು ಒಂದು ಬಗೆಯಾದರೆ ಕಣ್ಣು ಕಟ್ಟಿರುವುದು ಇನ್ನೊಂದು. ಗುಜರಿ ಅಂಗಡಿಯಲ್ಲಿ ರದ್ದಿಯ ರಾಶಿಯ ನಡುವೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಮೊದಲ ಮುದ್ರಣ ಕಂಡಿತೆನ್ನಿ. ಅಂಗಡಿಯವನಿಗೆ ಅದು ಕಾಗದದ ತೂಕ. ನಮಗೆ ಅದು ಏನೆಂದು ಗೊತ್ತು. ತೂಕದ ಬೆಲೆಗೆ ಕೊಂಡು ಕಂಕುಳಲ್ಲಿ ಇರುಕಿಕೊಂಡು ಬಂದರೆ ಜಾಣತನವೇ, ಇನ್ನೇನಾದರೂ ಆಗುತ್ತದೆಯೇ? ಈ ಪ್ರಶ್ನೆಯನ್ನು ಅಧ್ಯಾಪಕರ ಕೊಠಡಿಯಲ್ಲಿ ಇಟ್ಟಾಗ ಬಹುಮತ ಜಾಣತನದ ಕಡೆಗಿತ್ತು. ರೋಮಿನ ಸಿಸಿರೋ ತನ್ನ ಧರ್ಮವಿಚಾರದ ಗ್ರಂಥದಲ್ಲಿ ಸ್ಕೀವೋಲ ಎಂಬೊಬ್ಬನ ಮಾತು ಹೇಳುತ್ತಾನೆ. ಆತ ಒಂದು ಜಮೀನು ಕೊಳ್ಳಲು ಹೊರಟು, ಒಂದೇ ಮಾತಿನ ಬೆಲೆ ಹೇಳೆಂದು ಕೇಳಿದ. ಮಾರುವವನು ಹೇಳಿದ. ತನ್ನ ಅಂದಾಜಿನಲ್ಲಿ ಅದು ಅದಕ್ಕಿಂತ ಹೆಚ್ಚು ಬಾಳುತ್ತದೆಂದು ಸ್ಕೀವೋಲ ಒಂದು ಲಕ್ಷ ಸೆಸ್ಟರ್ಸ್ ಹೆಚ್ಚಾಗಿಯೇ ಕೊಟ್ಟ. ಸಜ್ಜನನ ಕೆಲಸವೆಂದು ಜನ ಒಪ್ಪಿದರು, ವಿವೇಕಿಯ ಕೆಲಸವೆಂದು ಒಪ್ಪಲಿಲ್ಲವೆಂಬ ಚೋದ್ಯವನ್ನೂ ಸಿಸಿರೋ ಅಲ್ಲಿಯೇ ಗುರುತಿಸುತ್ತಾನೆ.

ಈ ಕಥೆಯನ್ನು ನಮ್ಮ ಬೀದಿಯ ನವಾಯತ ಹಿರಿಯರೊಬ್ಬರಿಗೆ ಹೇಳಿದೆ. ಬಟ್ಟೆಯ ವ್ಯಾಪಾರ ಮಾಡಿ ದಣಿದು ಈಗ ಮೊಮ್ಮಕ್ಕಳೊಡನೆ ಕಾಲ ಕಳೆಯುವವರು. ಅವರು ನಕ್ಕು, ಇದು ನಮ್ಮಲ್ಲೂ ಉಂಟು ಮಾಸ್ತರ್ರೇ ಎಂದರು. ಪ್ರವಾದಿಯ ಸಂಗಡಿಗ ಜರೀರ್ ಎಂಬವರ ಆಳು ಅವರಿಗಾಗಿ ಒಂದು ಕುದುರೆಯನ್ನು 300 ದಿರ್ಹಮಿಗೆ ಗೊತ್ತುಮಾಡಿದ. ಜರೀರ್ ಕುದುರೆಯನ್ನು ನೋಡಿ ಅದರ ಒಡೆಯನಿಗೆ, ನಿನ್ನ ಕುದುರೆ ಇದಕ್ಕಿಂತ ಹೆಚ್ಚು ಬಾಳುತ್ತದೆ, 400ಕ್ಕೆ ಕೊಡುತ್ತೀಯಾ ಎಂದರಂತೆ. ಹೀಗೆ ತಾವೇ ಏರಿಸುತ್ತ ಹೋಗಿ 800ಕ್ಕೆ ಕೊಂಡರಂತೆ. ಅಂಗಡಿಯಲ್ಲಿ ಕೂತು ಇದನ್ನು ನಡೆಸಿದ್ದೀರಾ ಎಂದು ಕೇಳಿದೆ. "ಎಂಟು ನೂರರವರೆಗೆ ಹೋಗಿಲ್ಲ. ನಾಲ್ಕು ನೂರರವರೆಗೆ ಹೋದದ್ದುಂಟು" ಎಂದರು. ನನಗೆ ಅವರ ಉತ್ತರ ಬಹಳ ಹಿಡಿಸಿತು. ಎಂಟುನೂರು ಸಂತರ ಅಳತೆ. ಸಂಸಾರಸ್ಥರಿಗೆ ನಾಲ್ಕುನೂರಾದರೂ ಇರಬೇಕು.

ಆದುದರಿಂದ ನಾನು ಆ ತಾಯಿಗೆ ಹೇಳಿದ್ದು ಇಷ್ಟು. ಸಂಗ್ರಾಹಕರು ತೋರಿಸಿದ ಕುಂದುಗಳೆಲ್ಲ ತೋಟಿಗರಿಗೂ ತಿಳಿಯಬೇಕು. ಉರುಳೆ ಕೊಂಚ ಅಲುಗುತ್ತದೆಂಬುದು ಹೊಳಪನ್ನು ಮೆಚ್ಚಿದವರಿಗೆ ಗೊತ್ತಿರಬೇಕಾದ ಸಂಗತಿ, ಏಕೆಂದರೆ ಅವರು ಅದನ್ನು ನಂಬಿ ರಾತ್ರಿ ಮಲಗುವವರು. ಹಾಗೆಯೇ ಇಬ್ಬರು ವ್ಯಾಪಾರಿಗಳು ಹೇಳಿದ ಅಂದಾಜನ್ನು ಇಬ್ಬರು ಗಿರಾಕಿಗಳೂ ಅರಿತಿರಲಿ. ಮೂವರಿಗೂ ಒಂದೇ ಸಂಗತಿಗಳು ತಿಳಿದ ಮೇಲೆ ಹೇಳಿದ ಬೆಲೆ, ಹೆಚ್ಚಿದ್ದರೂ ಕಡಿಮೆಯಿದ್ದರೂ, ತೆಗೆದುಕೊಳ್ಳಬಹುದಾದ ಬೆಲೆ.

ಮಮತೆಗೆ ಏನನ್ನಾದರೂ ಸೇರಿಸಬೇಕೆ ಎಂಬುದೊಂದು ಉಳಿಯಿತು. ಹದಿಮೂರನೆಯ ಶತಮಾನದ ಕ್ರೈಸ್ತ ಪಂಡಿತ ತಾಮಸ್ ಅಕ್ವಿನಾಸ್ ಇಲ್ಲಿ ಬಹಳ ಸೂಕ್ಷ್ಮವಾದ ಒಂದು ಗೆರೆ ಎಳೆದಿದ್ದಾನೆ. ವಸ್ತುವನ್ನು ಕಳೆದುಕೊಂಡು ಮಾರುವವನಿಗೆ ವಿಶೇಷ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಆದರೆ ಕೊಳ್ಳುವವನಿಗೆ ಅದರಿಂದ ಬಹಳ ಪ್ರಯೋಜನವಾಗುತ್ತದೆಂಬ ಕಾರಣಕ್ಕೆ ಬೆಲೆಯೇರಿಸುವಂತಿಲ್ಲ, ಏಕೆಂದರೆ ಆ ಪ್ರಯೋಜನ ಮಾರುವವನದಲ್ಲ, ತನ್ನದಲ್ಲದ್ದನ್ನು ಯಾರೂ ಮಾರಲಾಗದು. ಇದನ್ನು ಕೊಂಚ ಸರಳಮಾಡಿ ಆ ತಾಯಿಗೆ ಹೇಳಿದೆ. ಯಜಮಾನರ ನೆನಪಿನ ವಸ್ತುವಲ್ಲವೇ, ಅದಕ್ಕಾಗಿ ಸ್ವಲ್ಪ ಹೆಚ್ಚು ಕೇಳಿದರೆ ಅನ್ಯಾಯವಿಲ್ಲವೆಂದೆ. "ಅವರ ನೆನಪಿಗೆ ಅವರ ಕನ್ನಡಕ ಉಂಟು. ಇದು ಹೋದ್ರೆ ಪೆಟ್ಟಿಗೆಲಿ ಜಾಗ ಆಗ್ತದೆ" ಎಂದರು. ಅಕ್ವಿನಾಸನ ಗೆರೆ ಜಾಲಿಯಲ್ಲಿ ಉಪಯೋಗಕ್ಕೆ ಬರಲಿಲ್ಲ.

ಇನ್ನು ಕಾಗದದ ವಿಷಯ. ಇದೇ ನನ್ನನ್ನು ತೊಡಕಿಗೆ ಸಿಕ್ಕಿಸಿದ್ದು.

ಆಯುಧಗಳಿಗೆ ಕಥೆಯಿಂದ ಬರುವ ಬೆಲೆ ಕಬ್ಬಿಣ, ಕಾಯಿದೆ ಎರಡನ್ನೂ ಮೀರಿದ್ದು. ಫ್ರೆಂಚ್ ಕವಿ ವರ್ಲೇನ್ 1873ರ ಜುಲೈ 10ರಂದು ಬ್ರಸೆಲ್ಸಿನಲ್ಲಿ 23 ಫ್ರಾಂಕು ಕೊಟ್ಟು ಒಂದು ರಿವಾಲ್ವರ್ ಕೊಂಡ. ಅದೇ ದಿನ ತನ್ನ ಗೆಳೆಯನಾದ ತರುಣ ಕವಿ ರಾಂಬೋನ ಮೇಲೆ ಎರಡು ಗುಂಡು ಹಾರಿಸಿದ. ಒಂದು ಮಣಿಕಟ್ಟಿಗೆ ತಗುಲಿತು. ವರ್ಲೇನನಿಗೆ ಎರಡು ವರ್ಷ ಸೆರೆಯಾಯಿತು. ಆ ರಿವಾಲ್ವರ್ 2016ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಲಿಲಾವಿನಲ್ಲಿ 4,34,500 ಯೂರೋಗಳಿಗೆ ಹೋಯಿತು. ಇಪ್ಪತ್ತಮೂರು ಫ್ರಾಂಕಿನ ಮೇಲೆ ಉಳಿದದ್ದೆಲ್ಲ ಒಂದು ಗಾಯದ ಬೆಲೆ. ಗಾಯವಾದವನಿಗೆ ಅದರಲ್ಲಿ ಕಾಸಿಲ್ಲ. ನಮ್ಮ ಟಿಪ್ಪುವಿನ ಬಂದೂಕುಗಳ ಕಥೆಯೂ ಇದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ಸಾಮಗ್ರಿ ಇಂಗ್ಲೆಂಡಿನ ಮನೆಮನೆಗಳಿಗೆ ಹಂಚಿಹೋಯಿತು. 2015ರಲ್ಲಿ ಲಂಡನ್ನಿನ ಲಿಲಾವಿನಲ್ಲಿ ಟಿಪ್ಪುವಿನ ಬೇಟೆಯ ಬಂದೂಕೊಂದು 7 ಲಕ್ಷ ಪೌಂಡಿಗೂ ಮೀರಿ ಮಾರಿತು. 2019ರಲ್ಲಿ ಬರ್ಕ್‌ಷೈರಿನ ಒಂದು ಲಿಲಾವಿನಲ್ಲಿ ಅವನದೇ ಆಯುಧಶಾಲೆಯದೆನ್ನುವ ಇನ್ನೊಂದು ಬಂದೂಕು 60,000 ಪೌಂಡಿಗೆ ಹೋಯಿತು. ಒಡೆಯನೊಬ್ಬನೇ, ಕಬ್ಬಿಣದ ಕೆಲಸವೂ ಮೈಸೂರು ಸೀಮೆಯದೇ. ಆದರೂ ಅಂತರ ಹತ್ತು ಪಟ್ಟಿಗಿಂತ ಹೆಚ್ಚು. ಕಥೆಯಿಂದ ಬಂದ ಹಣ ಕಥೆಯೊಳಗಿನವರಿಗೆ ಎಂದೂ ಸೇರುವುದಿಲ್ಲ. ಸದ್ಯಕ್ಕೆ ವಸ್ತುವನ್ನು ಹಿಡಿದುಕೊಂಡವನಿಗೆ ಸೇರುತ್ತದೆ. ಇದನ್ನು ಅನ್ಯಾಯವೆಂದು ಕೂಗಾಡಲಾರೆ. ಆದರೆ ಬೇರೆಯವರ ಕಥೆಯನ್ನು ಮಾರುವವನು ಅದನ್ನು ಬೆಳಸಿ ಮಾರಬಾರದಷ್ಟೆ?

ಜಾಲಿಯ ರಿವಾಲ್ವರಿಗೂ ಒಂದು ಕಥೆಯುಂಟು. ಆ ತಾಯಿ ಅದನ್ನು ನಮಗೆ ಹೇಳಿದ್ದು ಹೀಗೆ: ಸೇತುವೆಯಾಗುವ ಮುಂಚೆ ಒಬ್ಬ ಇಂಗ್ಲಿಷ್ ಸಾಹೇಬ ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟುತ್ತಿದ್ದನಂತೆ. ಅಳಿವೆಯ ಸೆಳೆತಕ್ಕೆ ದೋಣಿ ಮಗುಚಿತಂತೆ. ಮಾವನವರು ಈಜಿ ಹೋಗಿ ಅವನ ಕೂದಲು ಹಿಡಿದೆಳೆದು ದಡಕ್ಕೆ ತಂದರಂತೆ. ಸಾಹೇಬ ಸೊಂಟದಲ್ಲಿದ್ದ ರಿವಾಲ್ವರನ್ನು ಬಿಚ್ಚಿ ಕೊಟ್ಟನಂತೆ. ಕೇಳುತ್ತಿದ್ದ ಸಂಗ್ರಾಹಕರ ಕಣ್ಣು ಅರಳಿತು. ಆ ಸಾಹೇಬ ಜಿಲ್ಲೆಯ ಕಲೆಕ್ಟರನಾಗಿರಬಹುದೇ ಎಂದು ಕೇಳಿದರು. ಇರಬಹುದು ಎಂದು ತಾಯಿ ಹೇಳಿದರು. ಸಾಹೇಬರೆಲ್ಲ ಅವರಿಗೆ ಕಲೆಕ್ಟರರೇ. ಆಧಾರವೆಂದು ಮನೆಯಲ್ಲಿ ಸಿಕ್ಕಿದ್ದು 1958ರ ಒಂದು ಪರವಾನಗಿ ಪುಸ್ತಕ ಮಾತ್ರ. ಅದರಲ್ಲಿ ಕಂಪನಿ, ಅಳತೆ, ಅಂಕಿ ಇವೆ. ಸಾಹೇಬನಿಲ್ಲ, ದೋಣಿಯಿಲ್ಲ.

ಸಂಗ್ರಾಹಕರು ನನ್ನತ್ತ ತಿರುಗಿ, ತಾವು ಕನ್ನಡ ಅಧ್ಯಾಪಕರು, ಊರಿನಲ್ಲಿ ಗೌರವಸ್ಥರು, ಈ ವೃತ್ತಾಂತವನ್ನು ಒಂದು ಪುಟದಲ್ಲಿ ಬರೆದು ಕೊಡಿ, ಅಮ್ಮನವರು ಸಹಿ ಹಾಕಲಿ, ಅಷ್ಟಾದರೆ ಸಾಕು ಎಂದರು. ನಾನು ಬರೆದೆ. ಮೇಲೆ ಹೇಳಿದಂತೆಯೇ ಬರೆದೆ. ಅವರು ಓದಿ, ಭಾಷೆ ಸೊಗಸಾಗಿದೆಯೆಂದು ಹೊಗಳಿ, ಬಹಳ ವಿನಯದಿಂದ ಒಂದೇ ಒಂದು ತಿದ್ದುಪಡಿ ಸೂಚಿಸಿದರು. ಈ 'ಅಂತೆ'ಗಳನ್ನು ತೆಗೆಯಬಹುದಲ್ಲವೇ? ಓದಲು ತೊಡಕಾಗುತ್ತವೆ.

ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದವನಿಗೆ ಆ 'ಅಂತೆ'ಯ ತೂಕ ಅಂದು ತಿಳಿದಷ್ಟು ಎಂದೂ ತಿಳಿದಿರಲಿಲ್ಲ. ಇಂಗ್ಲಿಷಿನವನು ಇದನ್ನು ಹೇಳಬೇಕಾದರೆ ಬೇರೊಂದು ವಾಕ್ಯವನ್ನೇ ಕಟ್ಟಬೇಕು. ನಮ್ಮ ಕ್ರಿಯಾಪದದ ಬಾಲಕ್ಕೆ ಇದು ಸದ್ದಿಲ್ಲದೆ ಅಂಟಿಕೊಳ್ಳುತ್ತದೆ. ಕೊಟ್ಟನು ಎಂದರೆ ನಾನು ಹೊಣೆ. ಕೊಟ್ಟನಂತೆ ಎಂದರೆ ಕೇಳಿದ್ದನ್ನು ಕೇಳಿದ ಹಾಗೆಯೇ ದಾಟಿಸಿದ್ದೇನೆ, ಮುಂದಿನದು ನಿಮ್ಮ ವಿವೇಕ. ಅಂತೆ ಕಂತೆಗಳ ಸಂತೆ ಎಂದು ನಾವು ಅದನ್ನು ಹಗುರಮಾಡಿ ಮಾತಾಡುವುದುಂಟು. ಆದರೆ ಓದು ಬರಹವಿಲ್ಲದ ಅಜ್ಜಿಯೂ ತಾನು ಕಂಡದ್ದನ್ನೂ ಕೇಳಿದ್ದನ್ನೂ ಈ ಎರಡಕ್ಷರದಿಂದ ಬೇರ್ಪಡಿಸಿ ಹೇಳುತ್ತಾಳೆ. ನಮ್ಮ ಭಾಷೆ ಆಡುವವರ ನಾಲಗೆಗೆ ಹುಟ್ಟಿನಿಂದಲೇ ಕಟ್ಟಿದ ಸಾಕ್ಷ್ಯದ ಕಾಯಿದೆ ಅದು. ನಾಲ್ಕು 'ಅಂತೆ'ಗಳನ್ನು ಹೊಡೆದುಹಾಕಿದರೆ ರಿವಾಲ್ವರಿನ ಬೆಲೆ ಮೂರು ಪಟ್ಟಾಗುತ್ತಿತ್ತು. ಆ ಹೆಚ್ಚಳ ಕಬ್ಬಿಣದಿಂದ ಬಂದದ್ದಲ್ಲ, ನನ್ನ ಲೇಖನಿಯಿಂದ ಬಂದದ್ದು. ಕಥೆ ಸುಳ್ಳೆಂದು ನಾನು ಹೇಳುವುದಿಲ್ಲ, ನಿಜವಾಗಿಯೇ ಇರಬಹುದು. ನಿಜವೆಂದು ನನಗೆ ತಿಳಿಯದು, ಆ ತಾಯಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು. ತಿಳಿಯದೆಂಬುದನ್ನು ಹೇಳುವ ಎರಡಕ್ಷರವನ್ನು ಅಳಿಸುವುದು ಮರಳುಕಾಗದದಿಂದ ತಿಕ್ಕಿದ ಹಾಗೆ. ಹೊಳಪು ಬರುತ್ತದೆ. ಅಂಕಿ ಹೋಗುತ್ತದೆ.

'ಅಂತೆ' ಇದ್ದರೆ ಪೂರ್ತಿ ನಷ್ಟವೆಂದೇನೂ ಇಲ್ಲ. ಚಿತ್ರಕಾರ ವ್ಯಾನ್ ಗೋ ತನ್ನನ್ನು ಸುಟ್ಟುಕೊಂಡದ್ದೆನ್ನುವ ರಿವಾಲ್ವರ್ 1960ರ ದಶಕದಲ್ಲಿ ಓವೇರ್ ಊರಿನ ಹೊಲದಲ್ಲಿ ಒಬ್ಬ ರೈತನಿಗೆ ಸಿಕ್ಕಿತು. ತುಕ್ಕು ತಿಂದು ಎಲುಬಿನಂತಾಗಿತ್ತು. ಅಳತೆ ಹೊಂದುತ್ತದೆ, ಸ್ಥಳ ಹೊಂದುತ್ತದೆ, ತುಕ್ಕಿನ ಪ್ರಾಯ ಹೊಂದುತ್ತದೆ. ಅದೇ ಎಂದು ಖಂಡಿತವಾಗಿ ಹೇಳಲಾಗದೆಂದು ಮಾರಿದವರೇ ಹೇಳಿದರು. ಹೇಳಿಯೂ 2019ರ ಜೂನಿನಲ್ಲಿ ಪ್ಯಾರಿಸ್ಸಿನಲ್ಲಿ ಅದು 1,62,500 ಯೂರೋಗಳಿಗೆ ಹೋಯಿತು. ಅಂದಾಜು ಮಾಡಿದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಕೊಂಡವನು ಒಂದು 'ಬಹುಶಃ'ವನ್ನು ಕಣ್ಣು ತೆರೆದು ಕೊಂಡ. ಅವನಿಗೆ ಯಾರೂ ಮೋಸ ಮಾಡಲಿಲ್ಲ. ನಮ್ಮ ಸಂಗ್ರಾಹಕರಿಗೂ ನಾನು ಅದನ್ನೇ ಹೇಳಿದೆ: 'ಅಂತೆ' ಸಮೇತ ಕೊಳ್ಳಿ, ಅದಕ್ಕೆ ನಿಮಗೆ ತೋರಿದಷ್ಟು ಕೊಡಿ. ಅವರು ಯೋಚಿಸಿ, ತಾವು ಮೊದಲು ಹೇಳಿದ ಮೊತ್ತಕ್ಕೆ ಸ್ವಲ್ಪ ಸೇರಿಸಿದರು. ಆ ಸ್ವಲ್ಪವೇ, ನನ್ನ ಎಣಿಕೆಯಲ್ಲಿ, ಕಥೆಯ ನ್ಯಾಯವಾದ ಪಾಲು.

ತೋಟಿಗರು ಕುಂದನ್ನು ಕೇಳಿ ಹಿಂದೆಗೆದರು. ಹೊಸದನ್ನೇ ನೋಡುತ್ತೇನೆ, ವೆಬ್ಲಿಯ ಹೆಸರಿನದು ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತದಂತಲ್ಲ ಎಂದರು. ಉತ್ತರಪ್ರದೇಶದ ಹರದೋಯಿ ಜಿಲ್ಲೆಯಲ್ಲಿ 2020ರ ಸುಮಾರಿಗೆ ಅದು ಆರಂಭವಾದದ್ದು ನಿಜ.

ಸುಲಭವಾಗಿ ಉತ್ತರ ಹೇಳಲಾಗದ ಮಾತು ಬಂದದ್ದು ದುಬೈಯಿಂದ. ಮಗ ಫೋನಿನಲ್ಲಿ ನನ್ನನ್ನೇ ಕೇಳಿದ. ಅವನ ಮಾತಿನಲ್ಲಿ ಸಿಟ್ಟಿಗಿಂತ ತರ್ಕವೇ ಹೆಚ್ಚಿತ್ತು. "ಸರ್, ಕೇಳಿಕೊಂಡು ಬಂದವರು ಅವರು. ಅಂತೆ ತೆಗೆಯಿರಿ ಅಂದವರೂ ಅವರೇ. ಅವರಿಗೆ ಎಲ್ಲ ಗೊತ್ತಿತ್ತು. ಹಾಗಾದರೆ ಮೋಸ ಹೋಗುವುದು ಯಾರು? ಅಮ್ಮನ ಔಷಧಕ್ಕೆ ಎರಡು ವರ್ಷಕ್ಕಾಗುವ ಹಣ ಅದು." ನಾನು ಹೇಳಿದೆ: ಅವರಿಗೆ ಗೊತ್ತಿದೆ, ನಿಜ. ಅವರ ನಂತರ ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಕಾಗದ ರಿವಾಲ್ವರಿನೊಡನೆ ಮುಂದೆ ಹೋಗುತ್ತದೆ, ಕೆಳಗೆ ನಿನ್ನ ಅಮ್ಮನ ಸಹಿ ಇರುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಕಾಣದ ಆ ಮನುಷ್ಯನಿಗಾಗಿ ಅಮ್ಮ ಹಣ ಬಿಡಬೇಕೇ ಎಂದ. ಔಷಧದ ಅಂಗಡಿಯಲ್ಲಿ ಅವನ ಪ್ರಶ್ನೆಗೆ ಇರುವ ಬಲ ನನ್ನ ಉತ್ತರಕ್ಕೆ ಇಲ್ಲವೆಂಬುದು ನನಗೂ ಗೊತ್ತು.

ತಾಯಿ ಮಾತ್ರ ಫೋನನ್ನು ನನ್ನ ಕೈಯಿಂದ ಇಸಿದುಕೊಂಡು, "ಮಾವನೋರು ಅಂತೆ ಅಂತ ಹೇಳ್ಲಿಲ್ಲ ಕಾಣು, ಎಳ್ದೆ ಅಂತ್ಲೇ ಹೇಳ್ತಿದ್ರು. ನಾ ಕಂಡದ್ದಲ್ಲ, ಅದ್ಕೆ ಅಂತೆ" ಎಂದರು.

ಸ್ವಂತದ ಆಯುಧವನ್ನು ಮಾರುವವರು 45 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಬೇಕೆಂದು ಕಾಯಿದೆಯಿದೆ. ಅದನ್ನು ಅನುಸರಿಸಿ ಕಾರವಾರಕ್ಕೆ ಅರ್ಜಿ ಹೋಗಿದೆ. ಬರೆದ ಕಾಗದ 'ಅಂತೆ'ಗಳ ಸಮೇತ ನನ್ನ ಮೇಜಿನ ಖಾನೆಯಲ್ಲಿದೆ. ಸಹಿ ಇನ್ನೂ ಆಗಿಲ್ಲ. ಮಗ ಬರುವ ತಿಂಗಳು ರಜೆಗೆ ಬರುತ್ತಾನೆ. ಅಷ್ಟರಲ್ಲಿ ನಲವತ್ತೈದು ದಿನ ತುಂಬಿರುವುದಿಲ್ಲ.